ಕೊಂದ ಮನೆಯಂಗಳಕ್ಕೆ ಬರುವ ದೇವರು

ತೆಂಗಿನ ಮಡಲು ಹೆಣೆದು ಕಟ್ಟಿದ ಸಣ್ಣ ಚಪ್ಪರದೊಳಗೆ ಚಾಪೆಯ ಮೇಲೆ ಒಬ್ಬರು ಅಂಗಾತ ಮಲಗಿದ್ದಾರೆ. ಕಣ್ಣು ಮುಚ್ಚಿದೆ, ಉಸಿರು ನಿಧಾನ. ಅವರ ತಲೆಯ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತ ಇನ್ನೊಬ್ಬರು ಬೆನ್ನು ಬಾಗಿಸಿ, ತೆಂಗಿನ ಗರಿಯ ಕಡ್ಡಿಯನ್ನು ಕೆಂಪು ಬಣ್ಣದಲ್ಲಿ ಅದ್ದಿ, ಮಲಗಿದವರ ಕೆನ್ನೆಯ ಮೇಲೆ ಸಣ್ಣ ಗೆರೆಗಳನ್ನು ಎಳೆಯುತ್ತಿದ್ದಾರೆ. ಕೈ ಎತ್ತುವುದು, ಅದ್ದುವುದು, ಉಸಿರು ಹಿಡಿಯುವುದು, ಗೆರೆ ಮುಗಿದ ಮೇಲೆ ಉಸಿರು ಬಿಡುವುದು, ಇಷ್ಟೇ ಕೆಲಸ, ಗಂಟೆಗಟ್ಟಲೆ. ಪಕ್ಕದಲ್ಲಿ ನಾಲ್ಕೈದು ತೆಂಗಿನ ಚಿಪ್ಪುಗಳು. ಒಂದರಲ್ಲಿ ಕೆಂಪು ಚಾಯಿಲ್ಯ, ಒಂದರಲ್ಲಿ ಹಳದಿ ಮನಯೋಲ, ಒಂದರಲ್ಲಿ ಅಕ್ಕಿ ಅರೆದ ಬಿಳಿ, ಇನ್ನೊಂದರಲ್ಲಿ ದೀಪದ ಕುಡಿಯಿಂದ ಹಿಡಿದ ಕಪ್ಪು. ತೆಂಗಿನೆಣ್ಣೆ, ಅರಿಸಿನ, ಆಗಷ್ಟೇ ಸೀಳಿದ ಎಳೆಗರಿ, ಎಲ್ಲದರ ವಾಸನೆ ಬೆರೆತು ಚಪ್ಪರದೊಳಗಿನ ಗಾಳಿಯೇ ದಪ್ಪವಾದಂತಿದೆ. ಮೂಲೆಯಲ್ಲಿ ಇಬ್ಬರು ಹುಡುಗರು ಎಳೆಗರಿಯನ್ನು ಉಗುರಿನಲ್ಲಿ ಸೀಳಿ ಸೀಳಿ ಸೊಂಟದ ಉಡುಗೆ ಹೆಣೆಯುತ್ತಿದ್ದಾರೆ. ಮಾತು ಕಡಿಮೆ. ನಾವೂ ಸದ್ದು ಮಾಡದೆ ಹೀಗೆ ಕಂಬದ ಪಕ್ಕಕ್ಕೆ ನಿಂತುಕೊಳ್ಳೋಣ.

ಈ ಚಪ್ಪರಕ್ಕೆ ಅಣಿಯರ ಎನ್ನುತ್ತಾರೆ. ಊರು ಉತ್ತರ ಕೇರಳದ ನೀಲೇಶ್ವರಕ್ಕೂ ಪಯ್ಯನ್ನೂರಿಗೂ ನಡುವಿನದು, ಅಂಗಳ ತೀಯ ಸಮುದಾಯದ ಒಂದು ತರವಾಡಿನದು, ಅಂದರೆ ಕುಟುಂಬದ ಮೂಲಮನೆಯದು. ಮಕರ ಮಾಸ ನಡೆಯುತ್ತಿದೆ. ಗದ್ದೆಯ ಕಡೆಯಿಂದ ಬರುವ ಗಾಳಿಯಲ್ಲಿ ಇಬ್ಬನಿಯ ತಂಪಿದೆ. ಅಂಗಳದ ಒಂದು ಬದಿಗೆ ಹೆಂಚಿನ ಸಣ್ಣ ಗುಡಿಗಳು, ಅವುಗಳ ಮುಂದೆ ಸಾಲಾಗಿ ಎಣ್ಣೆದೀಪ. ಇನ್ನೊಂದು ಬದಿಗೆ ಪ್ಲಾಸ್ಟಿಕ್ ಕುರ್ಚಿ, ಟ್ಯೂಬ್‌ಲೈಟು, ಕಡಲೆ ಮಾರುವವನ ಗಾಡಿ, ನಿದ್ದೆ ತೂಗುವ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡ ಅಜ್ಜಿಯರು. ಗಲ್ಫಿನಿಂದ ರಜೆ ಹಾಕಿ ಬಂದ ಮಗ ಪಂಚೆ ಎತ್ತಿ ಕಟ್ಟಿಕೊಂಡು ಅಡುಗೆಯ ದೊಡ್ಡ ಚರಿಗೆ ಎತ್ತಲು ಕೈ ಕೊಡುತ್ತಿದ್ದಾನೆ. ವರ್ಷವಿಡೀ ಬೀಗ ಹಾಕಿದ್ದ ತರವಾಡು ಮನೆ ಈ ಎರಡು ಮೂರು ದಿನ ತುಂಬಿ ತುಳುಕುತ್ತದೆ. ಇದು ಆ ಮನೆಯ ಕಳಿಯಾಟ, ಅಂದರೆ ದೈವಗಳು ಬಂದು ಕುಣಿಯುವ ಹಬ್ಬ.

ಭೂತಕೋಲ ನೋಡಿ ಬೆಳೆದ ನಮ್ಮ ಕರಾವಳಿಯ ಕಣ್ಣಿಗೆ ಇಲ್ಲಿ ಯಾವುದೂ ತೀರಾ ಹೊಸದಲ್ಲ. ಅಲ್ಲಿ ಪಾಡ್ದನ, ಇಲ್ಲಿ ತೋಟ್ಟಂ. ಅಲ್ಲಿ ಗಗ್ಗರ, ಇಲ್ಲಿ ಚಿಲಂಬು. ಅಲ್ಲಿ ಪಂಬದ, ಪರವ, ನಲಿಕೆಯವರು ಕಟ್ಟಿದರೆ ಇಲ್ಲಿ ವಣ್ಣಾನ್, ಮಲಯನ್, ವೇಲನ್, ಮಾವಿಲನ್, ಪುಲಯ ಮುಂತಾದವರು ಕಟ್ಟುತ್ತಾರೆ. 1956ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇತ್ತು. ರಾಜ್ಯದ ಗಡಿ ಎಳೆದವರು ಗುಳಿಗನನ್ನೋ ಚಾಮುಂಡಿಯನ್ನೋ ಕೇಳಿ ಎಳೆಯಲಿಲ್ಲ, ಹಾಗಾಗಿ ದೈವಗಳು ಇಂದಿಗೂ ಎರಡೂ ಕಡೆ ಓಡಾಡಿಕೊಂಡಿವೆ. ಆದರೆ ಇಲ್ಲಿನ ಅಂಗಳದಲ್ಲಿ ಒಂದು ರಾತ್ರಿ ಪೂರ್ತಿ ಕೂತು, ಹಾಡುವ ಕತೆಗೆ ಕಿವಿಕೊಟ್ಟರೆ, ಮತ್ತೆ ಮತ್ತೆ ಒಂದೇ ಸಂಗತಿ ಎದುರಾಗುತ್ತದೆ. ಯಾರನ್ನೋ ಅನ್ಯಾಯವಾಗಿ ಕೊಂದಿದ್ದಾರೆ. ಕೊಂದವರ ಕಡೆಯವರೇ ಈಗ ದೀಪ ಹಚ್ಚಿ, ಅಕ್ಕಿ ಎರಚಿ, ಸತ್ತವನನ್ನು ಕರೆಯುತ್ತಿದ್ದಾರೆ. ನನ್ನನ್ನು ಈ ಕಡೆಗೆ ಎಳೆದು ತರುವುದು ಬಣ್ಣಕ್ಕಿಂತಲೂ, ಬೆಂಕಿಗಿಂತಲೂ ಹೆಚ್ಚಾಗಿ ಇದೇ.

ಚೆಂಡೆ ಶುರುವಾಯಿತು. ಮೊದಲು ಬರುವುದು ತೋಟ್ಟಂ. ಬಣ್ಣವಿಲ್ಲ, ಕಿರೀಟವಿಲ್ಲ. ಕೆಂಪು ಬಟ್ಟೆ ಉಟ್ಟು, ತಲೆಗೆ ಸಣ್ಣದೊಂದು ಕಟ್ಟು ಕಟ್ಟಿದ ಕೋಲಧಾರಿ ಗುಡಿಯ ಮುಂದೆ ನಿಂತು, ಹಿಂದೆ ಚೆಂಡೆ ಹಿಡಿದ ನಾಲ್ವರೊಂದಿಗೆ ದನಿ ಸೇರಿಸಿ, ದೈವದ ಹುಟ್ಟು, ಅದು ನಡೆದ ದಾರಿ, ಇಳಿದ ಊರು, ಕೂತ ಮರ ಎಲ್ಲವನ್ನೂ ಹಾಡುತ್ತಾರೆ. ದನಿ ಮೊದಮೊದಲು ನೆಲ ಹಿಡಿದು ಹೋಗುತ್ತದೆ. ಹಾಡು ಮುಂದುವರಿದಂತೆ ಚೆಂಡೆಯ ಕೋಲು ಚುರುಕಾಗಿ, ಇಲತ್ತಾಳದ ಕಂಚು ನಡುವೆ ನುಗ್ಗಿ, ಕುಳಲಿನ ಕೀರಲು ದನಿ ಅದೆಲ್ಲದರ ಮೇಲೆ ಏರಿ, ಹಾಡುವವರ ಮೈ ಸಣ್ಣಗೆ ನಡುಗಲು ತೊಡಗುತ್ತದೆ. ಕೆಲವು ದೈವಗಳಿಗೆ ತೋಟ್ಟಮ್ಮಿನ ಬದಲು ವೆಳ್ಳಾಟ್ಟಂ, ಅಂದರೆ ಅರ್ಧ ವೇಷದ, ಹರೆಯದ ಚುರುಕಿನ ಕುಣಿತ. ಪೂರ್ತಿ ರೂಪ ಬರುವುದು ಆಮೇಲೆ.

ಈ ಕೋಲಧಾರಿಗಳು ಯಾರು ಕರೆದರೆ ಯಾವ ಊರಿಗೂ ಹೋಗುವವರಲ್ಲ. ಯಾವ ಕಾವಿನಲ್ಲಿ, ಅಂದರೆ ದೈವದ ನೆಲೆಯಲ್ಲಿ, ಯಾವ ಮನೆತನ ಕಟ್ಟಬೇಕು ಎನ್ನುವುದು ತಲೆಮಾರುಗಳಿಂದ ಗೊತ್ತಾಗಿರುವ ಹಕ್ಕು. ಅದಕ್ಕೆ ಚೆರುಜನ್ಮ ಎನ್ನುತ್ತಾರೆ. ಕಳಿಯಾಟಕ್ಕೆ ದಿನ ಗೊತ್ತಾದ ಮೇಲೆ ತರವಾಡಿನವರು ಗುಡಿಯ ಮುಂದೆ ನಿಂತು ವೀಳ್ಯದೆಲೆ, ಅಡಿಕೆ, ದುಡ್ಡು ಕೊಟ್ಟು ‘ಅಡಯಾಳಂ’ ಒಪ್ಪಿಸುತ್ತಾರೆ. ಅದನ್ನು ಕೈಯಲ್ಲಿ ಹಿಡಿದ ಗಳಿಗೆಯಿಂದ ವ್ರತ. ಮೀನು ಮಾಂಸ ಇಲ್ಲ, ಹೆಂಡ ಇಲ್ಲ, ಕೆಲವು ದೈವಗಳಿಗಾದರೆ ಮನೆಯಲ್ಲಿ ಮಲಗುವುದೂ ಇಲ್ಲ. ಹಗಲು ಗೋಡೆಗೆ ಬಣ್ಣ ಬಳಿಯುವವರು, ಕೂಲಿಗೆ ಹೋಗುವವರು, ಕಚೇರಿಯಲ್ಲಿ ಗುಮಾಸ್ತರಾಗಿರುವವರು ಇವರಲ್ಲಿದ್ದಾರೆ. ಚೆನ್ನಾಗಿ ಕಟ್ಟಿ ಹೆಸರಾದವರಿಗೆ ಹಿಂದೆ ಅರಸರೂ ನಾಡ ಒಡೆಯರೂ ಪಟ್ಟೆಯನ್ನೂ ಬಳೆಯನ್ನೂ ಕೊಟ್ಟು ಪೆರುವಣ್ಣಾನ್, ಪಣಿಕ್ಕರ್ ಎಂದು ಹೆಸರಿಡುತ್ತಿದ್ದರು. ಆ ಪದ್ಧತಿ ಇನ್ನೂ ಉಳಿದಿದೆ. ಕೈಯ ಬಳೆ ತೋರಿಸಿದರೆ ಸಾಕು, ಅವರ ಇಡೀ ಜೀವನ ಹೇಳಿದಂತೆ.

ನಡುರಾತ್ರಿ ಕಳೆಯಿತು. ರಕ್ತಚಾಮುಂಡಿಯ ಮುಖಕ್ಕೆ ಗೆರೆ ಬರೆದು ಮುಗಿದಿದೆ. ಮಲಗಿದ್ದವರನ್ನು ಎಬ್ಬಿಸಿ, ಸೊಂಟಕ್ಕೆ ಉಡುಗೆ ಬಿಗಿದು, ಕಾಲಿಗೆ ಚಿಲಂಬು ತೊಡಿಸಿ, ಗುಡಿಯ ಮುಂದಿನ ಮಣೆಯ ಮೇಲೆ ಕೂರಿಸಿ, ಕೇಪಳ ಹೂ ಸುತ್ತಿದ ಮುಡಿ ಎಂಬ ಕಿರೀಟವನ್ನು ತಲೆಗೆ ಇಳಿಸುತ್ತಾರೆ. ಮುಡಿ ಬಿಗಿಯುವಾಗ ಹಿಂದಿನಿಂದ ಎಳೆಯುವ ಹಗ್ಗದ ಬಿಗಿ ಅವರ ಕುತ್ತಿಗೆಯ ನರದಲ್ಲಿ ಕಾಣುತ್ತದೆ. ಆಮೇಲೆ ಸಣ್ಣ ಕನ್ನಡಿ. ಅದನ್ನು ಅವರ ಕೈಗೆ ಕೊಡುತ್ತಾರೆ. ಈ ತನಕ ಯಾರೋ ಬರೆದ ಗೆರೆಗಳ ಕೆಳಗೆ ಕಣ್ಣು ಮುಚ್ಚಿ ಮಲಗಿದ್ದ ಮನುಷ್ಯ ಮೊದಲ ಸಲ ಕನ್ನಡಿಯಲ್ಲಿ ನೋಡುತ್ತಾರೆ. ಅಲ್ಲಿ ಕಾಣುವುದು ತಮ್ಮ ಮುಖ ಅಲ್ಲ. ಚೆಂಡೆಗಳು ಒಮ್ಮೆಲೇ ಏರುತ್ತವೆ, ಮಣೆಯಿಂದ ಎದ್ದಾಗ ಸುತ್ತಲಿನವರ ಕೈ ತಂತಾನೇ ಮುಗಿದಿರುತ್ತದೆ. ನನ್ನ ಪಾಲಿಗೆ ಇಡೀ ರಾತ್ರಿಯ ನಡುಗಂಬ ಈ ಕನ್ನಡಿಯ ಗಳಿಗೆ. ಬೆಂಕಿ ನೋಡಲು ಬಂದವರು ಇದನ್ನು ಕಾಣದೆ ಹೋಗುತ್ತಾರೆ.

ಬೆಂಕಿಯೂ ಬರುತ್ತಿದೆ. ಅಂಗಳದಾಚೆ ಸಂಜೆಯೇ ಒಟ್ಟಿದ್ದ ಕಟ್ಟಿಗೆ ರಾಶಿ ಧಗಧಗ ಉರಿದು, ಕುಸಿದು, ಈಗ ಕೆಂಡದ ಗುಡ್ಡೆಯಾಗಿದೆ. ಉದ್ದ ಹಸಿ ಕೋಲು ಹಿಡಿದ ಹುಡುಗರು ಅದನ್ನು ಕೆದಕಿ ಬೂದಿ ಸರಿಸಿದಾಗಲೆಲ್ಲ ಕಿಡಿಗಳು ತೆಂಗಿನ ತಲೆಯ ತನಕ ಹಾರುತ್ತವೆ. ಹತ್ತು ಮಾರು ದೂರ ನಿಂತರೂ ಮುಖ ಸುಡುತ್ತದೆ. ಮಕ್ಕಳು ಎಚ್ಚರವಾಗಿದ್ದಾರೆ. ಕಡಲೆಯವನೂ ಗಾಡಿ ಬಿಟ್ಟು ಬಂದಿದ್ದಾನೆ. ಬೆಳಗಿನ ಜಾವದ ಮೂರೋ ನಾಲ್ಕೋ ಗಂಟೆ ಇರಬಹುದು, ಇದು ಪೊಟ್ಟನ್ ಎಂಬ ದೈವ ಬರುವ ಹೊತ್ತು.

ಪೊಟ್ಟನಿಗೆ ಮುಖಕ್ಕೆ ಗೆರೆ ಬರೆಯುವ ವೈಭವ ಇಲ್ಲ. ಅಡಿಕೆ ಹಾಳೆಯಲ್ಲಿ ಕತ್ತರಿಸಿ ಬಣ್ಣ ಬಳಿದ ಮೊಗವಾಡ, ಮೈಗೆ ಎಳೆಗರಿಯ ರಾಶಿ. ನಡೆಯುವ ರೀತಿಯೇ ಬೇರೆ, ಓಲಾಡುತ್ತಾ, ಎದುರಿಗಿದ್ದವರನ್ನು ಕೆಣಕುತ್ತಾ, ಕಿವುಡನಂತೆ ಪ್ರಶ್ನೆಯನ್ನೇ ತಿರುಗಿಸಿ ಕೇಳುತ್ತಾ. ಕತೆ ನಮಗೆಲ್ಲ ಗೊತ್ತಿರುವುದೇ. ಶಂಕರಾಚಾರ್ಯರ ದಾರಿಗೆ ಚಂಡಾಲನೊಬ್ಬ ಅಡ್ಡ ಬಂದದ್ದು, ಪಕ್ಕಕ್ಕೆ ಸರಿ ಎಂದಾಗ ಯಾವುದನ್ನು ಸರಿಸಬೇಕು, ದೇಹವನ್ನೋ ಆತ್ಮವನ್ನೋ ಎಂದು ಅವನು ಕೇಳಿದ್ದು. ಸಂಸ್ಕೃತದ ಕತೆಯಲ್ಲಿ ಇದು ಕಾಶಿಯಲ್ಲಿ ನಡೆಯುತ್ತದೆ. ಇಲ್ಲಿನವರ ಬಾಯಲ್ಲಿ ಅದು ಪಯ್ಯನ್ನೂರಿನ ಮೂಡಣ ಗುಡ್ಡಗಾಡಿನ ಪುಳಿಂಗೋಮಿನಲ್ಲಿ, ಆಚಾರ್ಯರು ತಲಕಾವೇರಿಯ ಕಡೆ ಹೊರಟಿದ್ದಾಗ. ಕಾಶಿಯ ಚಂಡಾಲ ವೇದಾಂತ ಹೇಳಿದರೆ ಮಲಬಾರಿನ ಪುಲಯ ತನ್ನ ಗದ್ದೆಯ ಬದುವಿನಲ್ಲಿ ನಿಂತು ಜಗಳ ತೆಗೆಯುತ್ತಾನೆ. ನಾನು ಕಸದ ಗುಂಡಿಯ ಹತ್ತಿರ ನೆಟ್ಟ ಬಾಳೆಯ ಹಣ್ಣು ನಿಮ್ಮ ದೇವರಿಗೆ ಆಗುತ್ತದೆ, ನಾನು ಯಾಕೆ ಆಗುವುದಿಲ್ಲ? ನಿಮ್ಮ ಮೈ ಕಡಿದರೂ ನನ್ನ ಮೈ ಕಡಿದರೂ ಬರುವ ನೆತ್ತರಿಗೆ ಬಣ್ಣ ಒಂದೇ ತಾನೇ? ಈ ಅರ್ಥದ ಮಾತುಗಳನ್ನು ತೋಟ್ಟಮ್ಮಿನಲ್ಲಿ ಹಾಡುವಾಗ ಅಂಗಳದಲ್ಲಿ ಮೇಲಿನ ಜಾತಿಯವರೂ ಕೈಮುಗಿದು ಕೇಳುತ್ತಾರೆ. ಕೇಳಲೇಬೇಕು. ಹೇಳುತ್ತಿರುವುದು ದೇವರು.

ಮತ್ತೆ ಪೊಟ್ಟನ್ ಕೆಂಡದ ಗುಡ್ಡೆಯ ಕಡೆ ತಿರುಗಿದ. ಒಮ್ಮೆ ಸುತ್ತು ಬಂದ, ತಲೆ ಓರೆ ಮಾಡಿ ನೋಡಿದ, ಹಿಂದಕ್ಕೆ ಬಂದ. ಎಲ್ಲರೂ ಉಸಿರು ಬಿಗಿಹಿಡಿದಿರುವಾಗ ಸಾವಧಾನವಾಗಿ ಹೋಗಿ ಆ ಕೆಂಡದ ಮೇಲೆ ಬೆನ್ನು ಹಾಕಿ ಮಲಗಿಬಿಟ್ಟ. ಎಳೆಗರಿ ಚಟಚಟ ಎಂದಿತು. ಅಕ್ಕಪಕ್ಕದವರು ಕೈಹಿಡಿದು ಎಬ್ಬಿಸಿದರೆ ಬಿಡಿಸಿಕೊಂಡು ಮತ್ತೆ ಹೋಗಿ ಒರಗಿದ. ಕುಳಿರು, ಚಳಿ ಆಗುತ್ತದೆ ಎನ್ನುತ್ತಾನೆ. ಹಸಿ ಎಳೆಗರಿಯ ದಪ್ಪ ಪದರ ಒಂದಷ್ಟು ಕಾಪಾಡುತ್ತದೆ, ನಿಜ. ಎತ್ತುವ ಕೈಗಳ ಲೆಕ್ಕಾಚಾರವೂ ಇದೆ. ಆದರೂ ಪೊಟ್ಟನನ್ನು ಕಟ್ಟುವ ಹಿರಿಯರ ಬೆನ್ನು, ತೊಡೆ, ಮೊಣಕೈಗಳನ್ನು ಹಗಲಿನಲ್ಲಿ ನೋಡಿದವರಿಗೆ ಸುಟ್ಟ ಗುರುತು ಕಾಣದೆ ಇರದು. ಸಾವಿರಾರು ಜನ ಮೊಬೈಲು ಎತ್ತಿ ಹಿಡಿಯುವ ಈ ಗಳಿಗೆಗೆ ಅವರು ಮೈಯಲ್ಲಿ ತೆತ್ತ ಬೆಲೆ ಅದು. ಸರ್ಕಾರದಿಂದ ಹಿರಿಯ ಕೋಲಧಾರಿಗಳಿಗೆ ಒಂದಿಷ್ಟು ಮಾಸಾಶನ ಬಂದಿದೆ, ಕಣ್ಣೂರಿನಲ್ಲಿ 1995ರಲ್ಲಿ ಶುರುವಾದ ಕೇರಳ ಜಾನಪದ ಅಕಾಡೆಮಿ ಪ್ರಶಸ್ತಿ ಕೊಡುತ್ತದೆ. ಇವೆಲ್ಲ ಬೇಕಾದದ್ದೇ. ಆದರೆ ನಲವತ್ತು ದಾಟುವ ಹೊತ್ತಿಗೆ ಸೊಂಟ ಹಿಡಿದು, ಕುತ್ತಿಗೆ ತಿರುಗಿಸಲಾಗದೆ ಕೂರುವವರ ಆರೈಕೆ ಇನ್ನೂ ಹೆಚ್ಚು ಗಟ್ಟಿಯಾಗಬೇಕು ಎಂದೇ ನನಗೆ ಅನ್ನಿಸುತ್ತದೆ.

ಪೂರ್ವ ಬೆಳ್ಳಗಾಗುತ್ತಿದೆ. ಚಹಾ ಬಂದಿದೆ, ಒಂದೊಂದು ಲೋಟ ತೆಗೆದುಕೊಳ್ಳೋಣ. ಕೆಂಡದ ಮೇಲೆ ಬೂದಿ ಮುಚ್ಚುತ್ತಿದೆ. ಅಂಗಳ ಗುಡಿಸುವ ಸದ್ದಿನ ಜೊತೆಗೇ ಮತ್ತೆ ಚೆಂಡೆ. ಬೆಳಗಿನ ಬಿಸಿಲಿನಲ್ಲಿ ಬರುವವನು ವಿಷ್ಣುಮೂರ್ತಿ.

ಇವನ ಕತೆಗೆ ಮಂಗಳೂರಿನ ನೆಲದ ನಂಟಿದೆ. ನೀಲೇಶ್ವರದಲ್ಲಿ ಪಾಲಂತಾಯಿ ಕಣ್ಣನ್ ಎಂಬ ತೀಯ ಹುಡುಗ ಕುರುವಾಟ್ಟ್ ಕುರುಪ್ ಎಂಬ ಒಡೆಯನ ದನ ಕಾಯುತ್ತಿದ್ದ. ಒಂದು ದಿನ ಮಾವಿನ ಮರ ಹತ್ತಿ ಹಣ್ಣು ತಿನ್ನುತ್ತಿದ್ದಾಗ ಕೈಜಾರಿ ಬಿದ್ದ ಹಣ್ಣು ಕೆಳಗೆ ಹೋಗುತ್ತಿದ್ದ ಒಡೆಯನ ಸೋದರ ಸೊಸೆಯ ಎದೆಗೆ ತಾಗಿತು. ಅಷ್ಟೇ ತಪ್ಪು. ಜೀವ ಉಳಿಯುವುದಿಲ್ಲ ಎಂದು ತಿಳಿದ ಹುಡುಗ ಬಡಗಣಕ್ಕೆ ಓಡಿದ, ಓಡುತ್ತಾ ಮಂಗಳೂರು ಮುಟ್ಟಿದ. ಅಲ್ಲಿ ಜಪ್ಪುವಿನ ಒಂದು ಮನೆಯ ಮುದುಕಿ ಅವನನ್ನು ಮಗನಂತೆ ಇಟ್ಟುಕೊಂಡಳು. ಆ ಮನೆಯಲ್ಲಿ ವಿಷ್ಣುವಿನ ಗುಡಿ. ಹುಡುಗ ಅಲ್ಲಿಯೇ ದೀಪ ಹಚ್ಚುತ್ತಾ, ಸೇವೆ ಮಾಡುತ್ತಾ ಬೆಳೆದ. ವರ್ಷಗಳು ಕಳೆದವು, ಊರ ನೆನಪು ಕಾಡಿತು. ಹೊರಡುವಾಗ ಮುದುಕಿ ಗುಡಿಯಲ್ಲಿದ್ದ ಕತ್ತಿಯನ್ನೂ ಓಲೆಯ ಕೊಡೆಯನ್ನೂ ಅವನ ಕೈಗಿತ್ತಳು. ದೇವರೂ ಜೊತೆಗೇ ಹೊರಟಿತು ಎಂದು ನಂಬಿಕೆ. ನೀಲೇಶ್ವರ ಮುಟ್ಟಿ, ಕತ್ತಿ ಕೊಡೆಗಳನ್ನು ದಡದಲ್ಲಿಟ್ಟು, ದಾರಿಯ ದೂಳು ತೊಳೆಯಲು ಕಣ್ಣನ್ ಕೆರೆಗೆ ಇಳಿದ. ಸುದ್ದಿ ತಿಳಿದು ಬಂದ ಕುರುಪ್ ಅವನನ್ನು ಅಲ್ಲಿಯೇ ಕಡಿದ. ತಾವರೆಯ ಕೆರೆ ಕೆಂಪಾಯಿತು. ಆಮೇಲೆ ಒಡೆಯನ ಕೊಟ್ಟಿಗೆಯಲ್ಲಿ ದನಗಳು ಸತ್ತವು, ಮನೆಯವರಿಗೆ ಬೇನೆ ಬಿತ್ತು, ಊರಿಗೆ ಮಾರಿ ಬಂತು. ಪ್ರಶ್ನೆ ಇಟ್ಟು ನೋಡಿದಾಗ ಸತ್ಯ ಹೊರಬಿತ್ತು. ಕೊಂದವನೇ ಕಣ್ಣನಿಗೂ ಅವನ ಜೊತೆ ಬಂದ ದೇವರಿಗೂ ಕೋಟ್ಟಪ್ಪುರದಲ್ಲಿ ನೆಲೆ ಕಟ್ಟಿಸಿ ಕೈಮುಗಿಯಬೇಕಾಯಿತು.

ಇಂದಿಗೂ ಕೋಟ್ಟಪ್ಪುರದ ವೈಕುಂಠ ಕ್ಷೇತ್ರ ವಿಷ್ಣುಮೂರ್ತಿಯ ಮೂಲಸ್ಥಾನ. ಬೆಂಕಿಗೆ ಬೀಳುವ ಇದೇ ದೈವದ ಒತ್ತೆಕೋಲ ನಮ್ಮ ಸುಳ್ಯ ಪುತ್ತೂರುಗಳಲ್ಲಿ, ಕೊಡಗಿನ ಅಂಚಿನ ಊರುಗಳಲ್ಲಿ ಬೇಸಗೆಯ ದೊಡ್ಡ ಹಬ್ಬ. ಮಂಗಳೂರಿನಿಂದ ತೆಂಕಣಕ್ಕೆ ಹೋದ ದೇವರು, ತೆಂಕಣದ ಮಲಯಾಳದ ಮಾತು ಕಲಿತು, ಘಟ್ಟದ ಬುಡ ಹಿಡಿದು ಕನ್ನಡ ನಾಡಿಗೆ ಮರಳಿದ ದಾರಿ ಅದು.

ಅಂಗಳದಲ್ಲೀಗ ನರಸಿಂಹನಾಗಿ ಬಂದ ಈ ವಿಷ್ಣುಮೂರ್ತಿಯ ಕುಣಿತ. ಗರಿಯ ದುಂಡು ಉಡುಗೆ ಗಿರ್ರನೆ ತಿರುಗುವಾಗ ಒಣ ಓಲೆಯ ಮೇಲೆ ಮಳೆ ಬಿದ್ದಂತಹ ಸದ್ದು. ಹಿರಣ್ಯನನ್ನು ಹುಡುಕುವ ನೋಟ, ಕಂಬದ ಮರೆಯಿಂದ ನೆಗೆಯುವ ಜಿಗಿತ, ಕರುಳು ಬಗೆಯುವ ಬೆರಳು. ಇವೆಲ್ಲ ಮುಗಿದು ಮೆಲ್ಲಗೆ ಉಸಿರು ಇಳಿಸಿಕೊಂಡ ದೈವ ಕಟ್ಟೆಯ ಮೇಲೆ ಕೂತಾಗಲೇ ಕಳಿಯಾಟದ ಇನ್ನೊಂದು ಮುಖ ತೆರೆಯುವುದು. ಜನ ಸಾಲು ಕಟ್ಟುತ್ತಾರೆ. ಮುಂದೆ ಬಂದ ಮುದುಕಿಯ ಎರಡೂ ಕೈಗಳನ್ನು ಹಿಡಿದುಕೊಂಡು ದೈವ ಅವಳ ಮಾತು ಕೇಳುತ್ತದೆ. ಮಗನ ಕುಡಿತವೋ, ಮೊಮ್ಮಗಳ ಮದುವೆಯೋ, ಮಂಡಿ ನೋವೋ ನಮಗೆ ಕೇಳಿಸದು, ಕೇಳಿಸಿಕೊಳ್ಳಲೂ ಬಾರದು. ಅವಳ ಕಣ್ಣಲ್ಲಿ ನೀರು ಬಂದಾಗ ಬಣ್ಣ ಬಳಿದ ಆ ದೊಡ್ಡ ಮುಖ ಇನ್ನೂ ಹತ್ತಿರಕ್ಕೆ ಬಾಗುತ್ತದೆ. ಅಂಗೈಗೆ ಅರಿಸಿನದ ಪುಡಿ ಹಾಕಿ, ಹಳೆಯ ಮಲಯಾಳದ ರಾಗದ ಮಾತಿನಲ್ಲಿ, ಒಳ್ಳೆಯದಾಗುತ್ತದೆ ಮಗೂ, ನಾನಿದ್ದೇನೆ ಎನ್ನುವ ಅರ್ಥದಲ್ಲಿ ಏನೋ ಹೇಳುತ್ತದೆ. ಎಪ್ಪತ್ತು ದಾಟಿದವಳೂ ದೈವಕ್ಕೆ ಮಗುವೇ. ಅವಳ ಹಿಂದೆ ತರವಾಡಿನ ಯಜಮಾನ, ಅವನ ಹಿಂದೆ ಪಕ್ಕದೂರಿನ ಮೇಷ್ಟ್ರು, ಅವರ ಹಿಂದೆ ಕೆಲಸಕ್ಕೆ ರಜೆ ಹಾಕಿ ಬಂದ ನರ್ಸು. ಬೇರೆ ದಿನ ಈ ಕೋಲಧಾರಿ ಇದೇ ಮನೆಯ ಮುಂದಿನ ದಾರಿಯಲ್ಲಿ ಹೋದರೆ ಬಾ ಒಳಗೆ ಎಂದು ಎಷ್ಟು ಮನೆಯವರು ಕರೆಯುತ್ತಿದ್ದರು? ಇವರ ಅಜ್ಜಂದಿರಿಗಂತೂ ಒಡೆಯರ ಅಂಗಳ ತುಳಿಯಲು ದೂರದ ಲೆಕ್ಕವಿತ್ತು. ಇದು ತಿಳಿದಿರುವುದರಿಂದಲೇ ಈ ಹಿಡಿದ ಕೈ ನನಗೆ ಅಷ್ಟು ದೊಡ್ಡದಾಗಿ ಕಾಣುತ್ತದೆ. ಒಂದು ಹಗಲಿನ ಮಟ್ಟಿಗೆ ಮಾತ್ರ ಇದು, ನಾಳೆ ಎಲ್ಲ ಹಿಂದಿನಂತೆಯೇ ಎನ್ನುವವರಿದ್ದಾರೆ, ಅವರ ಮಾತೂ ಸುಳ್ಳಲ್ಲ. ಆದರೆ ಒಡೆಯ ಮಾಡಿದ ಕೊಲೆಯನ್ನು ಒಡೆಯನ ಅಂಗಳದಲ್ಲೇ, ಅವನ ಖರ್ಚಿನಲ್ಲೇ, ವರ್ಷ ವರ್ಷವೂ ಹೆಸರು ಹಿಡಿದು ಹಾಡುವ ಏರ್ಪಾಡು ಸಣ್ಣದಲ್ಲ. ಬರೆದಿಟ್ಟ ಚರಿತ್ರೆಯಲ್ಲಿ ದನ ಕಾಯುವ ಹುಡುಗನ ಹೆಸರು ಉಳಿಯುತ್ತಿತ್ತೇ?

ಬಿಸಿಲೇರುತ್ತಿದೆ, ಮಾವಿನ ನೆರಳಿಗೆ ಸರಿಯೋಣ. ದೈವಗಳು ನಾನ್ನೂರಕ್ಕೂ ಮಿಕ್ಕಿ ಇವೆ ಎಂದು ಎಣಿಸಿದವರು ಹೇಳುತ್ತಾರೆ. ಚಿರಕ್ಕಲ್ ಟಿ. ಬಾಲಕೃಷ್ಣನ್ ನಾಯರ್, ಎಂ.ವಿ. ವಿಷ್ಣು ನಂಬೂದಿರಿ ಅವರಂಥವರು ಕಾವಿನಿಂದ ಕಾವಿಗೆ ನಡೆದು ತೋಟ್ಟಂಗಳನ್ನು ಬರೆದುಕೊಳ್ಳದೆ ಹೋಗಿದ್ದರೆ ಅರ್ಧದಷ್ಟು ಕತೆಗಳು ಹಾಡುವವರ ಜೊತೆಗೇ ಹೋಗಿಬಿಡುತ್ತಿದ್ದವು. ಇಷ್ಟೆಲ್ಲ ರೂಪಗಳಿಗೆ ಒಂದು ಕಟ್ಟು ತಂದವರು ಕರಿವೆಳ್ಳೂರಿನ ಮಣಕ್ಕಾಡನ್ ಗುರುಕ್ಕಳ್ ಎಂಬ ವಣ್ಣಾನ್ ಗುರು ಎಂದು ಐತಿಹ್ಯ. ಚಿರಕ್ಕಲ್ ಅರಸ ಪರೀಕ್ಷೆ ಒಡ್ಡಿದಾಗ ಒಂದೇ ರಾತ್ರಿಯಲ್ಲಿ ಒಂದು ಕಡಿಮೆ ನಲವತ್ತು ದೈವಗಳನ್ನು ಕಟ್ಟಿ ತೋರಿಸಿದರಂತೆ.

ಅದೇ ಕರಿವೆಳ್ಳೂರಿನಲ್ಲಿ ಮುಚ್ಚಿಲೋಟ್ಟ್ ಭಗವತಿಯ ಮೊದಲ ಕಾವು ಇದೆ. ತಳಿಪರಂಬದ ಕಡೆಯ ಪೆರಿಂಚೆಲ್ಲೂರಿನ ಬ್ರಾಹ್ಮಣ ಹುಡುಗಿ ಅವಳು, ಓದಿದವಳು. ವಾದಕ್ಕೆ ಕರೆದ ಪಂಡಿತರನ್ನೆಲ್ಲ ಸೋಲಿಸಿದಳು. ರಸಗಳಲ್ಲಿ ಯಾವುದು ಹಿರಿದು ಎಂದಾಗ ಶೃಂಗಾರ ಎಂದಳು, ನೋವುಗಳಲ್ಲಿ ಯಾವುದು ಹಿರಿದು ಎಂದಾಗ ಹೆರಿಗೆಯ ನೋವು ಎಂದಳು. ಮದುವೆಯಾಗದವಳಿಗೆ ಇದು ಹೇಗೆ ಗೊತ್ತು ಎಂದು ಪಂಡಿತರು ಅವಳ ನಡತೆಯ ಮೇಲೆ ಕೆಸರು ಎರಚಿ ಊರಿನಿಂದ ಹೊರಹಾಕಿದರು. ಅಲೆಯುತ್ತಾ ಕರಿವೆಳ್ಳೂರಿಗೆ ಬಂದ ಹುಡುಗಿ ತಾನೇ ಚಿತೆ ಒಟ್ಟಿ ಹತ್ತಿದಳು. ಆ ದಾರಿಯಾಗಿ ಎಣ್ಣೆ ಹೊತ್ತು ಬಂದ ಗಾಣಿಗನನ್ನು ಕರೆದು ಬೆಂಕಿಗೆ ಸುರಿಯಲು ಹೇಳಿದಳು, ಅವನು ಸುರಿದ. ಮನೆಗೆ ಹೋಗಿ ನೋಡಿದರೆ ಖಾಲಿಯಾದ ಎಣ್ಣೆಯ ಪಾತ್ರೆ ತುಂಬಿತ್ತು. ಅಂದಿನಿಂದ ಅವಳು ವಾಣಿಯರ, ಅಂದರೆ ಗಾಣಿಗರ ಕುಲದೇವತೆ. ಹನ್ನೆರಡು ವರ್ಷಕ್ಕೊಮ್ಮೆ, ಕೆಲವೆಡೆ ಇನ್ನೂ ಹೆಚ್ಚು ವರ್ಷಕ್ಕೊಮ್ಮೆ ನಡೆಯುವ ಅವಳ ಪೆರುಂಕಳಿಯಾಟಕ್ಕೆ, ಅಂದರೆ ದೊಡ್ಡ ಕಳಿಯಾಟಕ್ಕೆ, ಊರೂರುಗಳಿಂದ ತರಕಾರಿ, ತೆಂಗಿನಕಾಯಿ ಮೆರವಣಿಗೆಯಲ್ಲಿ ಬರುತ್ತದೆ, ಲಕ್ಷದ ಲೆಕ್ಕದಲ್ಲಿ ಜನ ಉಣ್ಣುತ್ತಾರೆ. ಅವಳ ಮುಖಕ್ಕೆ ಬರೆಯುವಷ್ಟು ನಾಜೂಕಿನ ಗೆರೆ ಬೇರೆ ಯಾವ ದೈವಕ್ಕೂ ಇಲ್ಲವೇನೋ. ಕೋಪ ಕಾಣದ, ಕಲಿತವಳ ಗಾಂಭೀರ್ಯದ ಮುಖ ಅದು. ಕೈಯಲ್ಲಿ ಪಂಜು ಹಿಡಿದು ಅವಳು ಮೆಲ್ಲನೆ ಹೆಜ್ಜೆ ಹಾಕುವಾಗ ಹೆಂಗಸರ ಗುಂಪಿನಲ್ಲಿ ಆಗುವ ಕದಲಿಕೆಯನ್ನು ಒಮ್ಮೆ ನೋಡಬೇಕು.

ಹಾಗಿದ್ದೂ ಭಗವತಿಯನ್ನು ಕಟ್ಟುವವರು ಗಂಡಸರೇ. ಹೆಂಗಸರು ಕಟ್ಟುವುದು ಒಂದೇ ಒಂದು, ಪಳಯಂಗಾಡಿಯ ಹತ್ತಿರದ ತೆಕ್ಕುಂಬಾಡ್ ಎಂಬ ಹೊಳೆನಡುವಿನ ದ್ವೀಪದಲ್ಲಿ ಎರಡು ವರ್ಷಕ್ಕೊಮ್ಮೆ ಧನು ಮಾಸದಲ್ಲಿ ನಡೆಯುವ ದೇವಕ್ಕೂತ್ತ್. ಮಲಯ ಸಮುದಾಯದ ಹೆಣ್ಣುಮಗಳು ವ್ರತ ಹಿಡಿದು, ದೋಣಿ ದಾಟಿ ಹೋಗಿ ಕುಣಿಯುತ್ತಾಳೆ.

ಕೊಡಗಿನವರಿಗೂ ಇಲ್ಲಿ ಒಂದು ಕತೆ ಇದೆ. ಕಣ್ಣೂರಿನ ಮಾಂಗಾಡಿನ ಮಂದಪ್ಪನ್ ಕೆಲಸ ಮಾಡದೆ ಆಡಿಕೊಂಡಿರುತ್ತಾನೆಂದು ತಂದೆ ಬೈದು ಅಟ್ಟಿದಾಗ ಎತ್ತಿನ ಮೇಲೆ ಸರಕು ಹೇರಿಕೊಂಡು ಹೋಗುವವರ ಬೆನ್ನು ಹಿಡಿದು ಘಟ್ಟ ಹತ್ತಿ ಕೊಡಗಿನ ಕದಿವನೂರಿಗೆ ಮಾವನ ಮನೆ ಸೇರಿದ. ಅಲ್ಲಿ ಚೆಮ್ಮರತ್ತಿಯನ್ನು ಮೆಚ್ಚಿ ಮದುವೆಯಾದ. ಇಬ್ಬರದೂ ಮುಂಗೋಪ, ಇಬ್ಬರದೂ ಬಿಡದ ಪ್ರೀತಿ. ಕೊಡವರ ಪಡೆಯೊಂದಿಗೆ ಕಾದಾಟವಾದಾಗ ಮಂದಪ್ಪನ್ ಗೆದ್ದ. ಹಿಂತಿರುಗುವಾಗ ಉಂಗುರದ ಬೆರಳು ಕಡಿದುಹೋದದ್ದು ಕಂಡಿತು. ಹೆಂಡತಿ ತೊಡಿಸಿದ ಉಂಗುರವಿಲ್ಲದೆ ಅವಳ ಮುಖ ನೋಡುವುದು ಹೇಗೆಂದು ಒಬ್ಬನೇ ತಿರುಗಿ ಹೋದ. ಅಡಗಿದ್ದವರು ಕೊಂದರು. ಚೆಮ್ಮರತ್ತಿ ಅವನ ಚಿತೆ ಹತ್ತಿದಳು. ಕದಿವನೂರ್ ವೀರನ್ ಬರುವ ಕಾವಿನಲ್ಲಿ ಬಾಳೆದಿಂಡು, ಎಳೆಗರಿಗಳಿಂದ ಕಟ್ಟಿ ಸಾಲು ಸಾಲು ಬತ್ತಿ ಹಚ್ಚಿದ ಚೌಕಟ್ಟೊಂದು ಅಂಗಳದ ನಡುವೆ ನಿಲ್ಲುತ್ತದೆ, ಅದೇ ಚೆಮ್ಮರತ್ತಿ. ಕತ್ತಿ ಗುರಾಣಿ ಹಿಡಿದ ವೀರ ಕಳರಿಯ ಪಟ್ಟುಗಳಲ್ಲಿ ಅವಳ ಸುತ್ತಲೇ ಸುತ್ತುತ್ತಾನೆ, ಜಗಳವಾಡಿದಂತೆಯೂ, ಬೇಡಿಕೊಂಡಂತೆಯೂ. ಮದುವೆಯ ವಯಸ್ಸಿನ ಹುಡುಗಿಯರು ಇವನಿಗೆ ಹರಕೆ ಹೇಳಿಕೊಳ್ಳುತ್ತಾರೆ.

ಜಾತಿ ಧರ್ಮಗಳ ಗೋಡೆಯನ್ನು ಈ ದೈವಗಳು ತಮ್ಮದೇ ರೀತಿಯಲ್ಲಿ ದಾಟುತ್ತವೆ. ಕಾಸರಗೋಡಿನ ಮಲೆಯಂಚಿನಲ್ಲಿ ಮುಕ್ರಿ ಪೋಕ್ಕರ್ ಎಂಬ ದೈವ ಅಂಗಳಕ್ಕೆ ಬಂದು ಬಾಂಗ್ ಕೂಗಿ ನಮಾಜು ಮಾಡುತ್ತದೆ. ಕುಂಬಳೆಯ ಆರಿಕ್ಕಾಡಿಯಲ್ಲಿ ಆಲಿ ಎಂಬ ಮಾಪಿಳ್ಳೆ ದೈವವಿದೆ. ಪರಶ್ಶಿನಿಕ್ಕಡವಿನ ಮುತ್ತಪ್ಪನ್ ತನ್ನ ಮುಂದೆ ಮುಸ್ಲಿಂ ಭಕ್ತರು ಬಂದು ನಿಂತರೆ ಅವರನ್ನು ‘ಮಾಡಾಯಿ ನಗರೇ’ ಎಂದು ಮಸೀದಿಯ ಊರಿನ ಹೆಸರು ಹಿಡಿದು ಅಕ್ಕರೆಯಿಂದ ಕರೆಯುತ್ತಾನೆ. ಮುತ್ತಪ್ಪನಿಗೆ ಮಳೆಗಾಲದ ಬಿಡುವೂ ಇಲ್ಲ, ವಳಪಟ್ಟಣಂ ಹೊಳೆಯ ದಡದಲ್ಲಿ ಸುಮಾರಾಗಿ ವರ್ಷವಿಡೀ ಬರುತ್ತಾನೆ. ಬೇಯಿಸಿದ ಪಯರ್ ಕಾಳು, ತೆಂಗಿನ ತುಂಡು, ಚಹಾ ಅಲ್ಲಿನ ಪ್ರಸಾದ. ಒಣಮೀನು, ಕಳ್ಳು ದೇವರ ನೈವೇದ್ಯ. ನಾಯಿಗಳು ಗುಡಿಯೊಳಗೆ ನೆಮ್ಮದಿಯಿಂದ ಮಲಗಿರುತ್ತವೆ, ಯಾರೂ ಓಡಿಸುವುದಿಲ್ಲ.

ಅಂಗಳದಲ್ಲಿ ಗುಳಿಗನೂ ಕುಣಿದು ಮುಗಿಸಿದ. ಊಟದ ಎಲೆ ಹಾಕುತ್ತಿದ್ದಾರೆ. ಅಣಿಯರದಲ್ಲಿ ಮುಡಿ ಇಳಿಸಿದ ಕೋಲಧಾರಿ ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆಯುತ್ತಿದ್ದಾರೆ. ಕೆಂಪು ಹಳದಿ ಕಲಸಿ ಟವಲಿಗೆ ಅಂಟಿದೆ, ಕಣ್ಣು ಕೆಂಡದಂತಿದೆ. ನಾಳಿದ್ದು ಚೆರುವತ್ತೂರಿನ ಆಚೆ ಇನ್ನೊಂದು ಕಾವಿನಲ್ಲಿ ಕಟ್ಟಬೇಕು. ಗರಿ ಸೀಳುತ್ತಿದ್ದ ಹುಡುಗರಲ್ಲಿ ಚಿಕ್ಕವನು ಅವರ ಮಗ. ಕರ್ಕಾಟಕ ಮಾಸದ ಜಡಿಮಳೆಯಲ್ಲಿ, ನಮ್ಮಲ್ಲಿ ಆಟಿ ಕಳೆಂಜ ಮನೆ ಮನೆಗೆ ಬರುವ ದಿನಗಳಲ್ಲೇ, ಇವನ ವಯಸ್ಸಿನ ಮಕ್ಕಳು ಆಡಿವೇಡನ್ ವೇಷ ಹಾಕಿ ಶಿವ ಪಾರ್ವತಿಯರಾಗಿ ಸಣ್ಣ ಚೆಂಡೆಯ ಜೊತೆ ಮನೆಗಳ ಮುಂದೆ ಹೆಜ್ಜೆ ಹಾಕುತ್ತಾರೆ. ಕಾಲು ಹದಗೊಳ್ಳುವುದು ಅಲ್ಲಿಂದಲೇ.

ಇಡವ ಮಾಸ ಮುಗಿಯುವ ಹೊತ್ತಿಗೆ, ಜೂನಿನ ಮಳೆ ಹಿಡಿಯುವಾಗ, ವಳಪಟ್ಟಣದ ಕಳರಿವಾದುಕ್ಕಲ್ ಭಗವತಿ ಆಳೆತ್ತರಗಳ ಮುಡಿ ಹೊತ್ತು ಬಂದು ಹೋದ ಮೇಲೆ ಕಣ್ಣೂರಿನ ಸುತ್ತಲಿನ ಕೋಲತ್ತುನಾಡಿನ ಕಾವುಗಳಲ್ಲಿ ಚೆಂಡೆ ನಿಲ್ಲುತ್ತದೆ. ನೀಲೇಶ್ವರದ ಕಡೆ ಮನ್ನಂಪುರತ್ತ್ ಕಾವಿನ ಕಲಶ ಕೊನೆಯದು. ಮತ್ತೆ ಶುರುವಾಗುವುದು ತುಲಾ ಮಾಸದ ಹತ್ತರ ಹೊತ್ತಿಗೆ, ಅಕ್ಟೋಬರ್ ಕೊನೆಯ ವಾರದಲ್ಲಿ. ಹೋಗುವುದಾದರೆ ಆಗ ಕಣ್ಣೂರಿನಿಂದ ಕೊಳಚ್ಚೇರಿಗೆ ಹೋಗಿ, ಚಾತ್ತಂಬಳ್ಳಿ ಕಾವಿಗೆ. ಆ ಕಡೆಯ ಕಳಿಯಾಟ ಕಾಲ ತೆರೆಯುವುದೇ ಅಲ್ಲಿನ ವಿಷಕಂಡನ್ ದೈವದಿಂದ. ವಿಷವೈದ್ಯಕ್ಕೆ ಹೆಸರಾದ ನಂಬೂದಿರಿಯೊಬ್ಬ ಇನ್ನು ಆಗದು ಎಂದು ಕೈಬಿಟ್ಟ, ಹಾವು ಕಚ್ಚಿದ ಹೆಂಗಸನ್ನು ಹೊತ್ತೊಯ್ಯುತ್ತಿದ್ದರಂತೆ. ತೆಂಗಿನ ಮರದ ಮೇಲೆ ಕಳ್ಳು ಇಳಿಸುತ್ತಿದ್ದ ತೀಯ ಕಂಡನ್ ಅದನ್ನು ನೋಡಿ ಇಳಿದು ಬಂದು, ಅವಳನ್ನು ಕೆರೆಯ ನೀರಿಗೆ ಇಳಿಸಿ, ತನಗೆ ತಿಳಿದ ವಿದ್ಯೆಯಿಂದ ಬದುಕಿಸಿದ. ಮರ ಹತ್ತುವವನಿಗೆ ತಿಳಿದದ್ದು ತನಗೆ ತಿಳಿಯದೆ ಹೋಯಿತಲ್ಲ ಎಂಬ ಉರಿಯಲ್ಲಿ ನಂಬೂದಿರಿ ಅವನನ್ನು ಕೊಲ್ಲಿಸಿದ. ವರ್ಷದ ಮೊದಲ ತೋಟ್ಟಂ ಕಂಡನದು.